ಕಳ್ಳ ಯಾರೆಂದು ಯಾರಿಗೆ ಕಾಣಬೇಕು

ಮೊನ್ನೆ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಅವರ ಫೋಟೊ ಬಂದಿತ್ತು. ನಾನು ಮೊದಲು ನೋಡಿದ್ದು ಮುಖವನ್ನಲ್ಲ, ಫೋಟೊದ ಅಳತೆಯನ್ನು. ಎರಡು ಕಾಲಂ ಅಗಲ. ಕೆಳಗೆ ನಾಲ್ಕು ಸಾಲು: ತರೀಕೆರೆಯಲ್ಲೇ ಕುಳಿತು ಮೊಬೈಲ್ ಆಟ ತಯಾರಿಸುವ ಮಹಿಳೆ, ತಾವೇ ಕಲಿಸಿದ ಇಬ್ಬರು ಹೆಣ್ಣುಮಕ್ಕಳಿಗೆ ಕೆಲಸ ಕೊಟ್ಟಿದ್ದಾರೆ, ಹೀಗೆ. ಆ ನಾಲ್ಕು ಸಾಲನ್ನು ಎರಡು ಸಲ ಓದಿದೆ. ಅದರಲ್ಲಿ ನನ್ನ ಹೆಸರಿರಲು ಯಾವ ಕಾರಣವೂ ಇರಲಿಲ್ಲ. ಆದರೂ ಹುಡುಕಿದೆ.

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರಿಗೆ ಮುಜುಗರವಾದೀತು ಎಂದು ಸಬೂಬು ಹೇಳಬಹುದು. ನಿಜವೆಂದರೆ ಆ ಹೆಸರು ಇನ್ನೊಂದು ಕಡೆ ಅಚ್ಚಾಗುವುದು ನನಗೆ ಬೇಕಿಲ್ಲ. ಕಚೇರಿಯಲ್ಲಿ ನಾವೆಲ್ಲ ಅವರನ್ನು ಆಪಾ ಎನ್ನುತ್ತಿದ್ದೆವು. ಅವರ ಮನೆಯ ದಖನಿಯಲ್ಲಿ ಹಾಗೆಂದರೆ ಅಕ್ಕ. ಅವರಿಗಿಂತ ಹಿರಿಯರಾದ ನಮ್ಮ ಮಾಲೀಕರು ಕೂಡ ಆಪಾ ಎಂದೇ ಕರೆಯುತ್ತಿದ್ದರು. ಅದೂ ನನಗೆ ಒಂದು ಸಂಕಟವಾಗಿತ್ತು. ನನ್ನನ್ನು ಮಾಲೀಕರು "ಏನಪ್ಪಾ" ಎನ್ನುವುದರ ಆಚೆ ಏನೂ ಕರೆದವರಲ್ಲ.

ಕಡೂರಿನಲ್ಲಿ ಟೈರ್ ಅಂಗಡಿಯೊಂದರ ಮೇಲಿನ ಎರಡು ಕೋಣೆ ನಮ್ಮ ಕಚೇರಿ. ಮಾಲೀಕರು ಷಡಕ್ಷರಿ, ಕೊಬ್ಬರಿ ಮಂಡಿಯ ಮನೆತನದವರು. ಮಂಡಿಯಲ್ಲಿ ಕೂರುವುದು ಬೇಸರವಾಗಿ ಈ ಸಾಹಸಕ್ಕೆ ಇಳಿದಿದ್ದರು. ಚಿತ್ರ ಬಿಡಿಸಲು ನವೀನನೆಂಬ ಗೆಳೆಯ. ಕೋಡ್ ಬರೆಯಲು ನಾನು. ಅಜ್ಜಂಪುರದವನು, ಇಂಜಿನಿಯರಿಂಗ್ ಓದಿದವನು, ಆ ಎರಡು ಕೋಣೆಯಲ್ಲಿ ಅದನ್ನು ಓದಿದವನು ನಾನೊಬ್ಬನೇ ಎಂಬುದನ್ನು ಒಂದು ದಿನವೂ ಮರೆಯದವನು.

ನಾವು ಮಾಡುತ್ತಿದ್ದದ್ದು ಚಿಕ್ಕಂದಿನಲ್ಲಿ ಎಲ್ಲರೂ ಆಡಿರುವ ಚೀಟಿ ಆಟ. ರಾಜ, ರಾಣಿ, ಮಂತ್ರಿ, ಪೊಲೀಸ್, ಕಳ್ಳ ಎಂದು ಚೀಟಿ ಬರೆದು ಮಡಚಿ ಎಸೆಯುತ್ತೇವಲ್ಲ, ಪೊಲೀಸ್ ಚೀಟಿ ಬಂದವನು ಕಳ್ಳ ಯಾರೆಂದು ಮುಖ ನೋಡಿ ಹೇಳಬೇಕಲ್ಲ, ಅದೇ. ಬೇರೆ ಬೇರೆ ಊರಿನಲ್ಲಿ ಕುಳಿತವರು ತಮ್ಮ ತಮ್ಮ ಫೋನಿನಲ್ಲಿ ಒಟ್ಟಿಗೆ ಆಡುವಂತೆ ಅದನ್ನು ಮಾಡಬೇಕಿತ್ತು.

ಆಪಾ ಬಂದದ್ದು ಆಡಿ ನೋಡುವ ಕೆಲಸಕ್ಕೆ. ಆಟವನ್ನು ದಿನವಿಡೀ ಆಡಿ, ಎಲ್ಲಿ ಕೆಡುತ್ತದೆ ಎಂದು ಬರೆದು ಕೊಡುವುದು. ಅದಕ್ಕೆ ಮುಂಚೆ ಹನ್ನೆರಡು ವರ್ಷ ತರೀಕೆರೆಯ ತಾಲ್ಲೂಕು ಕಚೇರಿಯ ಕೌಂಟರಿನಲ್ಲಿ ಗುತ್ತಿಗೆಯ ಮೇಲೆ ಕಂಪ್ಯೂಟರ್ ಕೆಲಸ ಮಾಡಿದ್ದರು. ವಯಸ್ಸು ನಲವತ್ತರ ಹತ್ತಿರ. ಬೆಳಿಗ್ಗೆ ತರೀಕೆರೆಯಿಂದ ರೈಲಿನಲ್ಲಿ ಬರುತ್ತಿದ್ದರು. ಬಂದವರೇ ಐದು ಫೋನುಗಳನ್ನು ಊಟಕ್ಕೆ ಎಲೆ ಹಾಕಿದ ಹಾಗೆ ಮೇಜಿನ ಮೇಲೆ ಸಾಲಾಗಿ ಇಟ್ಟು, ಐವರ ಆಟವನ್ನೂ ಒಬ್ಬರೇ ಆಡುತ್ತಿದ್ದರು. ತಮ್ಮದೇ ಒಂದು ಫೋನಿನ ಪೊಲೀಸ್ ತಮ್ಮದೇ ಇನ್ನೊಂದು ಫೋನಿನ ಕಳ್ಳನನ್ನು ಹಿಡಿದರೆ ನಿಜವಾಗಿ ಸಿಟ್ಟಾಗುತ್ತಿದ್ದರು. ಸೋಲುವುದೆಂದರೆ ಅವರಿಗೆ ಆಗುತ್ತಿರಲಿಲ್ಲ.

ಏನನ್ನಾದರೂ ಕೇಳುವ ಮೊದಲು ಕನ್ನಡಕ ತೆಗೆದು ದುಪಟ್ಟಾದ ಅಂಚಿನಿಂದ ಒರೆಸುತ್ತಿದ್ದರು. ಮತ್ತೆ ಹಾಕಿಕೊಂಡ ಮೇಲೆಯೇ ಪ್ರಶ್ನೆ. ಆ ಒರೆಸುವಿಕೆ ಶುರುವಾದರೆ ನಾನು ಪರದೆಯ ಕಡೆ ಮುಖ ತಿರುಗಿಸಿಕೊಳ್ಳುತ್ತಿದ್ದೆ.

ನನ್ನ ಕೋಡಿನಲ್ಲಿ ರಾಜ ಒಂದು ಜಾತಿಯ ಆಟಗಾರ, ಪೊಲೀಸ್ ಇನ್ನೊಂದು, ಕಳ್ಳ ಮತ್ತೊಂದು. ಸುತ್ತು ಮುಗಿದು ಚೀಟಿ ಬದಲಾದಾಗ ಹಳೆಯ ಆಟಗಾರನನ್ನು ಅಳಿಸಿ, ಅವನನ್ನೇ ಹೊಸ ಜಾತಿಯಲ್ಲಿ ಮತ್ತೆ ಹುಟ್ಟಿಸುತ್ತಿದ್ದೆ. ಹುಟ್ಟಿಸುವಾಗ ಪ್ರತಿ ಸಲ ಏನಾದರೊಂದು ಕಳೆದುಹೋಗುತ್ತಿತ್ತು. ಒಮ್ಮೆ ಅಂಕ, ಒಮ್ಮೆ ಹೆಸರು, ಒಮ್ಮೆ ಆಟಗಾರನೇ. ಎರಡು ವಾರ ತೇಪೆ ಹಾಕಿದೆ. ಒಂದು ಮಧ್ಯಾಹ್ನ ಕನ್ನಡಕ ಒರೆಸುವುದು ಶುರುವಾಯಿತು.

"ತಪ್ಪು ತಿಳ್ಕೋಬೇಡಿ ಇಂಜಿನಿಯರ್ರೇ. ಆ ಆಟಗಾರನ್ನ ಸುತ್ತು ಸುತ್ತಿಗೂ ಯಾಕೆ ಸಾಯಿಸ್ತೀರಿ? ಅವನ ಕೈಲಿರೋ ಚೀಟಿ ಬದಲಾಯಿಸಿದ್ರೆ ಸಾಲ್ದಾ?"

"ಅದು ಹಂಗಲ್ಲ ಆಪಾ. ಕೋಡ್ ಅಂದ್ರೆ ಚೀಟಿ ಅಲ್ಲ."

"ಪಹಣೀಲಿ ಜಮೀನು ಅಂದ್ರೆ ಒಂದು ಸರ್ವೆ ನಂಬರು, ಅಷ್ಟೆ. ಯಾರ ಹೆಸ್ರಲ್ಲಿದೆ, ಏನು ಬೆಳೆ, ನೀರಾವರಿ ಉಂಟೋ ಇಲ್ವೋ, ಎಲ್ಲಾ ಪಕ್ಕದ ಕಾಲಂಗಳಲ್ಲಿರುತ್ತೆ. ಜಮೀನು ಮಾರಿದ್ರೆ ಹೆಸರಿನ ಕಾಲಂ ಮಾತ್ರ ಬದಲಾಗುತ್ತೆ. ಹಳೇ ಜಮೀನು ಕಿತ್ತು ಹೊಸದು ಹಾಸಲ್ಲ."

"ಇದು ತಾಲ್ಲೂಕು ಕಚೇರಿ ಅಲ್ಲ ಬಿಡಿ," ಎಂದು ನಕ್ಕೆ. ನವೀನನೂ ನಗಲಿ ಎಂದು ಜೋರಾಗಿಯೇ ನಕ್ಕೆ. ಅವನು ನಕ್ಕ. ಆಪಾ "ಸರಿ" ಎಂದು ತಮ್ಮ ಫೋನುಗಳ ಕಡೆ ತಿರುಗಿದರು.

ಅವರು ಹೇಳಿದ್ದು ಸರಿ ಎಂದು ನಗುವಾಗಲೇ ನನಗೆ ಗೊತ್ತಿತ್ತು. ದೊಡ್ಡ ದೊಡ್ಡ ಆಟಗಳನ್ನು ಹೀಗೇ ಕಟ್ಟುತ್ತಾರೆ. ಆಟಗಾರನೆಂದರೆ ಬರೀ ಒಂದು ಸಂಖ್ಯೆ. ಹೆಸರು, ಅಂಕ, ಪಾತ್ರ ಇವೆಲ್ಲ ಆ ಸಂಖ್ಯೆಗೆ ಅಂಟಿಸುವ ಬಿಡಿ ತುಂಡುಗಳು. ಕಾಂಪೊನೆಂಟ್ ಎನ್ನುತ್ತಾರೆ. ಕಾಲೇಜಿನಲ್ಲಿ ಓದಿ, ಪರೀಕ್ಷೆ ಬರೆದು ಮರೆತಿದ್ದೆ. ನಾನು ಓದಿ ಮರೆತದ್ದನ್ನು ಅವರು ಓದದೇ ಕಂಡುಕೊಂಡಿದ್ದರು. ನನ್ನ ಹೊಟ್ಟೆಕಿಚ್ಚು ಹುಟ್ಟಿದ ದಿನ ಯಾವುದೆಂದು ಯಾರಾದರೂ ಕೇಳಿದರೆ ಆ ದಿನವನ್ನೇ ತೋರಿಸುತ್ತೇನೆ.

ಮರುದಿನ ಅವರು ಒಂದು ಹಾಳೆ ತಂದು ಷಡಕ್ಷರಿಯವರ ಮುಂದಿಟ್ಟರು. ಮೇಲೆ ಇಂಗ್ಲಿಷಿನಲ್ಲಿ ರೋಲ್ ಡೇಟಾ ಎಂದು ಶೀರ್ಷಿಕೆ. ಕೆಳಗೆ ಗೆರೆ ಎಳೆದ ಐದು ಕಾಲಂ: ಯಾವ ಪಾತ್ರ, ಎಷ್ಟು ಅಂಕ, ಊಹಿಸುವ ಹಕ್ಕು ಇದೆಯೋ ಇಲ್ಲವೋ, ಎಷ್ಟನೆಯ ಸುತ್ತು, ಯಾರಿಗೆ ಕಾಣಬೇಕು. ಕೊನೆಯ ಕಾಲಮ್ಮಿನ ಕೆಳಗೆ ಎರಡು ಗೆರೆ ಎಳೆದಿದ್ದರು. ರಾಜ ಯಾರೆಂದು ಎಲ್ಲರಿಗೂ ಕಾಣಬೇಕು. ಕಳ್ಳ ಯಾರೆಂದು ಕಳ್ಳನಿಗೆ ಮಾತ್ರ.

ಷಡಕ್ಷರಿ ಹಾಳೆಯನ್ನು ಬಹಳ ಹೊತ್ತು ನೋಡಿ, "ಇದೇ ಸರಿ ಕಣಪ್ಪ, ಹಿಂಗೇ ಮಾಡು," ಎಂದು ಅದನ್ನು ನನ್ನ ಕೈಗೆ ಕೊಟ್ಟರು. ನಾನು ಹಾಳೆಯಲ್ಲಿ ಹುಡುಕಿದ್ದು ತಪ್ಪನ್ನು. ಒಂದು ಸಿಕ್ಕಿತು. ರೋಲ್ ಎನ್ನುವ ಇಂಗ್ಲಿಷ್ ಪದಕ್ಕೆ ಅವರು ಎರಡು ಎಲ್ ಹಾಕಿದ್ದರು, ಹಾಜರಿ ಪುಸ್ತಕದ ರೋಲ್ ನಂಬರಿನ ಹಾಗೆ. ಫೋಟೊ ತೆಗೆದು ಕಚೇರಿಯ ವಾಟ್ಸಾಪ್ ಗುಂಪಿಗೆ ಹಾಕಿ, ನಗುವ ಮುಖಗಳ ಚಿತ್ರ ಸೇರಿಸಿದೆ.

ಆಪಾ ಅದನ್ನು ನೋಡಿ ಹೇಳಿದ್ದು ಇಷ್ಟು: "ಒಂದೇ ಎಲ್ ಸಾಕಾ? ಒಳ್ಳೇದಾಯ್ತು ಬಿಡಿ, ಟೈಪ್ ಮಾಡೋಕೆ ಮುಂಚೇನೇ ಗೊತ್ತಾಯ್ತು."

ಮನೆಯಲ್ಲಿ ಫೋನಿನ ವಿಡಿಯೊ ನೋಡಿ ಕೋಡ್ ಕಲಿಯುತ್ತಿದ್ದಾರೆಂದು ಆಮೇಲೆ ತಿಳಿಯಿತು. ಆರು ತಿಂಗಳಲ್ಲಿ ಪಾತ್ರದ ಭಾಗವನ್ನೆಲ್ಲ ಅವರೇ ಬರೆಯತೊಡಗಿದರು. ಒಂದು ಫೋನಿನಿಂದ ಇನ್ನೊಂದಕ್ಕೆ ಸುದ್ದಿ ಕಳಿಸುವ ನೆಟ್‌ವರ್ಕ್ ಭಾಗ ಮಾತ್ರ ನನ್ನ ಬಳಿ ಉಳಿಯಿತು. ಅದನ್ನು ನಾನು ಬಿಗಿಯಾಗಿ ಹಿಡಿದುಕೊಂಡೆ.

ಅವರನ್ನು ದೇವತೆ ಮಾಡುವ ಉದ್ದೇಶ ನನಗಿಲ್ಲ, ಅವರು ಹಾಗಿರಲೂ ಇಲ್ಲ. ಹಟಮಾರಿ. ಅವರ ಕುರ್ಚಿಯಲ್ಲಿ ಯಾರಾದರೂ ಕುಳಿತರೆ ಇಡೀ ದಿನ ಮಾತು ಬಿಡುತ್ತಿದ್ದರು. ಹೊಗಳಲು ಬಾಯಿಯೇ ಬರುತ್ತಿರಲಿಲ್ಲ. ಎಂಥ ಒಳ್ಳೆಯ ಕೆಲಸ ತೋರಿಸಿದರೂ "ಇರ್ಲಿ" ಎನ್ನುತ್ತಿದ್ದರು. ಅದೇ ಅವರ ಅತಿ ದೊಡ್ಡ ಮೆಚ್ಚುಗೆ. ನವೀನನಿಗೆ ವಾರಕ್ಕೊಂದು "ಇರ್ಲಿ" ಸಿಗುತ್ತಿತ್ತು. ನನಗೆ ಸಿಕ್ಕಿದ್ದು ಒಟ್ಟು ಎರಡು. ಎರಡೂ ಯಾವ ಕೆಲಸಕ್ಕೆ ಎಂದು ಈಗಲೂ ಹೇಳಬಲ್ಲೆ.

ಒಂದು ದಿನ ಲಿಂಗದಹಳ್ಳಿ ಕಡೆಯ ರೈತರೊಬ್ಬರು ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಒಂದು ಚೀಲ ನುಗ್ಗೆಕಾಯಿ.

"ತರೀಕೆರೆ ಕೌಂಟ್ರಲ್ಲಿ ಇದ್ರಲ್ಲ ಆಯಮ್ಮ, ಇಲ್ಲವ್ರಂತೆ?"

ಅವರ ಪಹಣಿಯಲ್ಲಿ ತಂದೆಯ ಹೆಸರು ತಪ್ಪಾಗಿ ಬಿದ್ದಿತ್ತು. ತಿದ್ದಿಸಲು ಅರ್ಜಿ ಬರೆಯಬೇಕಿತ್ತು. ಅದಕ್ಕಾಗಿ ಎರಡು ಬಸ್ಸು ಬದಲಿಸಿ ಬಂದಿದ್ದರು. ಆಪಾ ಅವರನ್ನು ಕೂರಿಸಿ, ಬರೆದ ಅರ್ಜಿಯನ್ನು ಗಟ್ಟಿಯಾಗಿ ಓದಿ ಹೇಳಿ, ಯಾವ ಮೇಜಿಗೆ ಕೊಡಬೇಕೆಂದು ವಿವರಿಸಿ ಕಳಿಸಿದರು. ನುಗ್ಗೆಕಾಯಿಯನ್ನು ನಮಗೂ ಹಂಚಿದರು. ನಾನು ಮನೆಗೆ ಒಯ್ಯದೆ ರೈಲಿನಲ್ಲೇ ಬಿಟ್ಟೆ. ನನ್ನನ್ನು ಹುಡುಕಿಕೊಂಡು ಯಾರೂ ಯಾವತ್ತೂ ಮೆಟ್ಟಿಲು ಹತ್ತಿ ಬಂದಿರಲಿಲ್ಲ.

ಈಗ ನಾನು ಮಾಡಿದ್ದನ್ನು ಹೇಳಬೇಕು.

ನಮ್ಮ ಆಟವನ್ನು ಕೊಳ್ಳುವ ಆಸಕ್ತಿಯಿಂದ ಹೊರಗಿನ ಕಂಪನಿಯೊಂದರಿಂದ ಒಬ್ಬರು ಬರುವವರಿದ್ದರು. ಅದಕ್ಕೆ ನಾಲ್ಕು ದಿನ ಮುಂಚೆ ಆಪಾ ನನಗೊಂದು ಸಂದೇಶ ಕಳಿಸಿದರು. 'ಯಾರಿಗೆ ಕಾಣಬೇಕು ಅನ್ನೋ ಕಾಲಂ ನಾನು ತುಂಬಿದೀನಿ. ನೀವು ಕಳ್ಸೋ ಜಾಗದಲ್ಲಿ ಅದನ್ನ ನೋಡ್ತಿಲ್ಲ. ಎಲ್ಲರ ಪಾತ್ರಾನೂ ಎಲ್ಲರ ಫೋನಿಗೂ ಹೋಗ್ತಿದೆ. ಪರದೆ ಮೇಲೆ ಕಾಣಲ್ಲ, ಆದ್ರೆ ಒಳಗೆ ಇದೆ. ಗೊತ್ತಿರೋರು ತೆಗೆದು ನೋಡಬಹುದು.'

ನಾನು 'ನೋಡ್ತೀನಿ' ಎಂದು ಉತ್ತರಿಸಿದೆ.

ನೋಡಿದೆ ಕೂಡ. ಅವರು ಹೇಳಿದಂತೆಯೇ ಇತ್ತು. ಸರಿಪಡಿಸಲು ಹತ್ತು ಸಾಲು ಸಾಕಾಗಿತ್ತು. ಬರೆಯಲಿಲ್ಲ. ಬೇರೆ ಕೆಲಸವಿದೆ ಎಂದು ಮೊದಲ ದಿನ ನನಗೆ ನಾನೇ ಹೇಳಿಕೊಂಡೆ. ಎರಡನೆಯ ದಿನ ಹಾಗೆ ಹೇಳಿಕೊಳ್ಳುವುದನ್ನೂ ಬಿಟ್ಟೆ. ಪಾತ್ರದ ಭಾಗ ಎಂದರೆ ಆಪಾ ಎಂದು ಷಡಕ್ಷರಿಯವರ ತಲೆಯಲ್ಲಿ ಕೂತುಬಿಟ್ಟಿತ್ತು. ಅಲ್ಲಿ ಏನು ಕೆಟ್ಟರೂ ಅವರ ಕಡೆಗೇ ನೋಡುತ್ತಾರೆ ಎಂದು ನನಗೆ ಗೊತ್ತಿತ್ತು. ಒಂದೇ ಒಂದು ಸಲ ಹಾಗೆ ನೋಡಲಿ ಎಂಬ ಆಸೆ.

ಬಂದವರು ಕಡಿಮೆ ಮಾತಿನ ಮನುಷ್ಯ. ನಾವು ನಾಲ್ವರೂ ಅವರೊಂದಿಗೆ ಎರಡು ಸುತ್ತು ಆಡಿದೆವು. ಆಮೇಲೆ ಅವರು ತಮ್ಮ ಲ್ಯಾಪ್‌ಟಾಪ್ ತೆರೆದು ಏನೋ ಜೋಡಿಸಿ, ಮೂರನೆಯ ಸುತ್ತು ಶುರುವಾದ ಕೂಡಲೇ, "ಕಳ್ಳ ನವೀನ್," ಎಂದರು. ನಾಲ್ಕನೆಯ ಸುತ್ತಿನಲ್ಲಿ, "ಕಳ್ಳ ನೀವು, ಷಡಕ್ಷರಿಯವ್ರೇ." ಐದನೆಯ ಸುತ್ತು ಆಡಲಿಲ್ಲ. "ಎಲ್ಲಾ ಬಯಲಲ್ಲೇ ಇದೆಯಲ್ಲ," ಎಂದು ಲ್ಯಾಪ್‌ಟಾಪ್ ಮುಚ್ಚಿದರು.

ಷಡಕ್ಷರಿಯವರ ಮುಖ ಕಪ್ಪಾಯಿತು. ನಾನು ಎಣಿಸಿದ ಹಾಗೆಯೇ ಅವರು ಆಪಾರ ಕಡೆ ತಿರುಗಿದರು.

"ರೋಲ್ ಡೇಟಾ ನಿಮ್ದಲ್ವಾ ಆಪಾ?"

ಆಪಾ ಒಮ್ಮೆ ನನ್ನನ್ನು ನೋಡಿದರು. ಕನ್ನಡಕ ತೆಗೆಯಲಿಲ್ಲ, ಒರೆಸಲಿಲ್ಲ. "ನಂದೇ ಸರ್. ಎರಡು ದಿನ ಕೊಡಿ, ಸರಿಯಾಗುತ್ತೆ," ಎಂದರು.

ಬಂದವರು ಮೂರು ತಿಂಗಳ ನಂತರ ಮತ್ತೆ ನೋಡುತ್ತೇನೆಂದು ಹೇಳಿ ಹೊರಟರು. ನಾನು ಬಯಸಿದ್ದೆಲ್ಲ ಆಗಿತ್ತು. ಆದರೆ ಆಪಾ ನನ್ನನ್ನು ದೂರಲಿಲ್ಲ. ದೂರಿದ್ದರೆ ವಾದಿಸಬಹುದಿತ್ತು. ಇಲ್ಲಿಯೂ ಅವರೇ ಮೇಲಾದರು ಅನ್ನಿಸಿತು.

ಸಂಜೆ ನಾವಿಬ್ಬರೂ ಬೀರೂರಿನವರೆಗೆ ಒಟ್ಟಿಗೆ ಹೋಗುತ್ತಿದ್ದೆವು. ಅಲ್ಲಿಂದ ಅವರ ರೈಲು ತರೀಕೆರೆಗೆ, ನನ್ನದು ಅಜ್ಜಂಪುರಕ್ಕೆ. ಆ ದಿನ ಬೀರೂರಿನ ಪ್ಲಾಟ್‌ಫಾರಂನಲ್ಲಿ ತಡೆಯಲಾರದೆ ಕೇಳಿದೆ.

"ನನ್ನ ಹೆಸ್ರು ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಕೆಲ್ಸ ಬಿಡ್ತಿದ್ರಿ."

"ಬಿಟ್ರೆ ನಿಮಗೇನು?"

"ನಿಮ್ಮ ನೆಟ್‌ವರ್ಕ್ ಕೋಡು ನಂಗಿನ್ನೂ ಬರಲ್ಲ. ನೀವು ಹೋದ್ರೆ ಇಲ್ಲಿ ಕಲಿಸೋರು ಯಾರಿದಾರೆ? ನಾಳೆಯಿಂದ ದಿನಕ್ಕೊಂದು ಗಂಟೆ ಹೇಳ್ಕೊಡಿ. ಕಲ್ತ ಮೇಲೆ ಸರ್‌ಗೆ ಹೇಳ್ತೀನಿ. ಇವತ್ತೇ ಹೇಳ್ಬಿಟ್ಟೆ ಅಂತ ಇಟ್ಕೊಳ್ಳಿ, ಸ್ವಲ್ಪ ನಿಧಾನ ಅಷ್ಟೆ."

ಕ್ಷಮಿಸುತ್ತಾರೆ ಎಂದುಕೊಂಡಿದ್ದೆ, ಇಲ್ಲವೇ ಬೈಯುತ್ತಾರೆ ಎಂದುಕೊಂಡಿದ್ದೆ. ಎರಡಕ್ಕೂ ಸಿದ್ಧನಾಗಿದ್ದೆ. ಅವರು ಲೆಕ್ಕ ಹಾಕಿದ್ದರು.

ಮಾರನೆಯ ದಿನ ಆ ಹತ್ತು ಸಾಲು ಬರೆದೆ, ಕಲಿಸಲೂ ಶುರು ಮಾಡಿದೆ. ಬೇರೆ ದಾರಿಯಿರಲಿಲ್ಲ. ಮೊದಮೊದಲು ಬೇಕೆಂದೇ ವೇಗವಾಗಿ ಹೇಳಿದೆ. ಅವರು ನಿಲ್ಲಿಸಿ ನಿಲ್ಲಿಸಿ ಕೇಳಿದರು. ಒಂದು ಸುದ್ದಿ ಫೋನಿನಿಂದ ಸರ್ವರ್‌ಗೆ ಹೋಗಿ, ಅಲ್ಲಿಂದ ಯಾರಿಗೆ ಸೇರಬೇಕೋ ಅವರಿಗೆ ಮಾತ್ರ ಸೇರುವ ದಾರಿಯನ್ನು ಅವರು ಹಳೆಯ ಡೈರಿಯೊಂದರಲ್ಲಿ ಬಾಣದ ಗುರುತು ಹಾಕಿ ಹಾಕಿ ಬರೆದುಕೊಂಡರು. ಮೂರು ತಿಂಗಳಿಗೆ ಆ ಕಂಪನಿಯವರು ಮತ್ತೆ ಬಂದು, ಲ್ಯಾಪ್‌ಟಾಪ್ ಜೋಡಿಸಿ, ಏನೂ ಸಿಗದೆ, ಆಟವನ್ನು ಒಪ್ಪಿಕೊಂಡರು. ಷಡಕ್ಷರಿ ಮೈಸೂರ್ ಪಾಕು ತರಿಸಿದರು. ಆಪಾ ಆಗಲೂ ಬಾಯಿ ಬಿಡಲಿಲ್ಲ. ಮರೆತಿರಬೇಕು ಎಂದು ನಾನು ಸಮಾಧಾನ ಮಾಡಿಕೊಂಡೆ.

ಇನ್ನೂ ಮೂರು ತಿಂಗಳು ಕಳೆದ ಮೇಲೆ, ಒಂದು ಸೋಮವಾರ ಬೆಳಿಗ್ಗೆ, ನಾನು ಎದುರಿಗೆ ಇರುವಾಗಲೇ ಷಡಕ್ಷರಿಯವರ ಮೇಜಿನ ಮೇಲೆ ತಮ್ಮ ಫೋನ್ ಇಟ್ಟರು. ಆ ಹಳೆಯ ಸಂದೇಶ, ಅದರ ಕೆಳಗೆ ನನ್ನ 'ನೋಡ್ತೀನಿ'.

"ಆವತ್ತಿಂದು ನನ್ನ ತಪ್ಪಲ್ಲ ಸರ್. ಆಗ ಹೇಳಕ್ಕೆ ಆಗ್ತಿರ್ಲಿಲ್ಲ. ಈಗ ಆ ಕೆಲ್ಸಾನೂ ನಂಗೆ ಬರುತ್ತೆ."

ಷಡಕ್ಷರಿ ಸಂದೇಶವನ್ನು ಓದಿ ನನ್ನ ಕಡೆ ನೋಡಿದರು. "ಹೌದೇನಪ್ಪಾ?"

"ಹೌದು ಸರ್."

ಅವರು ನನ್ನನ್ನು ತೆಗೆಯಲಿಲ್ಲ. ಕೋಡಿನ ಪೂರ್ತಿ ಜವಾಬ್ದಾರಿಯನ್ನು ಆಪಾರಿಗೆ ಕೊಟ್ಟರು. ಅಲ್ಲಿಂದ ಒಂದೂವರೆ ವರ್ಷ ನಾನು ಬರೆದ ಪ್ರತಿ ಸಾಲನ್ನೂ ಆಪಾ ಓದಿ ಒಪ್ಪಬೇಕಾಗಿತ್ತು. ಸೇಡು ತೀರಿಸಿಕೊಳ್ಳಲಿಲ್ಲ. ತಪ್ಪಿದ್ದರೆ ತಪ್ಪು, ಸರಿಯಿದ್ದರೆ ಸರಿ. ಅವರು ಒಂದು ಸಲವಾದರೂ ಅನ್ಯಾಯ ಮಾಡಲಿ ಎಂದು ಕಾದೆ. ಆಗ ನನ್ನದೂ ಅವರದೂ ಸಮವಾಗುತ್ತಿತ್ತು. ಅವರು ಮಾಡಲಿಲ್ಲ.

ಆಮೇಲೆ ಅವರು ಕೆಲಸ ಬಿಟ್ಟು ತರೀಕೆರೆಯ ಬಸ್ ನಿಲ್ದಾಣದ ಹತ್ತಿರ ತಮ್ಮದೇ ಕೋಣೆ ಹಿಡಿದರು. ಆ ಕಂಪನಿಯವರು ಮುಂದಿನ ಆಟವನ್ನು ಅವರಿಗೇ ಒಪ್ಪಿಸಿದರು. ಇತ್ತ ಒಂದು ವರ್ಷದೊಳಗೆ ಷಡಕ್ಷರಿ ಕಚೇರಿ ಮುಚ್ಚಿ ಮಂಡಿಗೆ ಮರಳಿದರು. ನಾನು ಮೂರು ತಿಂಗಳು ಅಲ್ಲಿ ಇಲ್ಲಿ ಕೇಳಿ, ಕೊನೆಗೆ ಒಂದು ಬೆಳಿಗ್ಗೆ ತರೀಕೆರೆಗೆ ಹೋದೆ. ಆಪಾರ ಹತ್ತಿರ ಕೆಲಸ ಕೇಳಲು.

ಹೋಗುವ ದಾರಿಯುದ್ದಕ್ಕೂ, ಕೋಣೆ ಚಿಕ್ಕದಿರಲಿ ಎಂದು ಬಯಸಿದೆ. ದೊಡ್ಡದಾಗಿತ್ತು. ಕಿಟಕಿಯಲ್ಲಿ ಬೆಳಕು. ಇಬ್ಬರು ಹೆಣ್ಣುಮಕ್ಕಳು ತಲೆ ತಗ್ಗಿಸಿ ಕೆಲಸ ಮಾಡುತ್ತಿದ್ದರು. ಆಪಾ ಎದ್ದು ಬಂದು ಕುರ್ಚಿ ಎಳೆದು ಕೂರಿಸಿದರು, ಚಹಾ ತರಿಸಿದರು. ನಾನು ಬಂದ ಕಾರಣ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡರು.

"ಕೆಲ್ಸ ಇದೆ. ನಿಮಗಿಂತ ಚೆನ್ನಾಗಿ ಮಾಡೋರು ಈ ಕಡೆ ಸಿಗಲ್ಲ. ಆದ್ರೆ ನಿಮ್ಮನ್ನ ತಗೊಳ್ಳಲ್ಲ."

ನಾನು ಚಹಾದ ಲೋಟವನ್ನು ಕೆಳಗಿಟ್ಟೆ.

"ದಿನಾ ನೀವು ಬರೆದಿದ್ದನ್ನ ಎರಡು ಸಲ ನೋಡ್ಬೇಕು. ಒಂದ್ಸಲ ತಪ್ಪಿದೆಯಾ ಅಂತ. ಇನ್ನೊಂದ್ಸಲ ಬೇಕು ಅಂತ ಬಿಟ್ಟಿದೀರಾ ಅಂತ. ಅಲ್ಲಿ ಒಂದೂವರೆ ವರ್ಷ ನೋಡ್ದೆ. ಸಾಕಾಯ್ತು."

"ಆಗ ನಂಗೆ ಹೊಟ್ಟೆಕಿಚ್ಚು ಆಪಾ," ಎಂದೆ. ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

"ಗೊತ್ತು. ನಂಗೂ ಇತ್ತು."

"ನಿಮಗಾ? ಯಾರ ಮೇಲೆ?"

"ನಿಮ್ಮಂಥೋರ ಮೇಲೆ. ನಂಗೆ ಪಿಯುಸಿ ಆದ್ಮೇಲೆ ಸಾಕು ಅಂದ್ರು ಮನೇಲಿ. ಮಾರ್ಕ್ಸ್ ಇತ್ತು, ಸೀಟು ಸಿಗ್ತಿತ್ತು. ಆಮೇಲೆ ಆ ಕೌಂಟ್ರಲ್ಲಿ ಕೂತ್ನಲ್ಲ, ಪ್ರತಿ ವರ್ಷ ಮೇ ತಿಂಗಳು ಬಂತು ಅಂದ್ರೆ ಇಂಜಿನಿಯರಿಂಗ್ ಸೇರೋ ಹುಡುಗ್ರು ಸಾಲಾಗಿ ಬರೋರು, ಆದಾಯದ ಸರ್ಟಿಫಿಕೇಟಿಗೆ. ಅಜ್ಜಂಪುರದೋರೂ ಆಗ ನಮ್ಮ ತಾಲ್ಲೂಕೇ. ಒಬ್ಬೊಬ್ರನ್ನ ನೋಡ್ದಾಗಲೂ ಉರಿಯೋದು. ಉರ್ಕೊಂಡೇ ಪ್ರಿಂಟ್ ಹಾಕ್ತಿದ್ದೆ. ಒಬ್ರದ್ದೂ ಒಂದಿನ ತಡ ಮಾಡ್ಲಿಲ್ಲ."

ಅವರ ದನಿ ಏರಲಿಲ್ಲ. ಶಿವಮೊಗ್ಗದಲ್ಲಿ ಗೊತ್ತಿರುವ ಒಬ್ಬರಿಗೆ ಫೋನ್ ಮಾಡಿ ನನ್ನ ವಿಷಯ ಹೇಳುತ್ತೇನೆಂದರು. ಊಟ ಮಾಡಿಕೊಂಡು ಹೋಗಿ ಎಂದರು. ರೈಲಿಗೆ ಹೊತ್ತಾಯಿತು ಎಂದು ಎದ್ದುಬಿಟ್ಟೆ. ಇನ್ನೆರಡು ಗಂಟೆ ಹೊತ್ತು ಯಾವ ರೈಲೂ ಇರಲಿಲ್ಲ. ಅದು ಅವರಿಗೂ ಗೊತ್ತಿತ್ತು.

ಶಿವಮೊಗ್ಗದ ಕೆಲಸ ಸಿಕ್ಕಿತು. ಈಗಲೂ ಅಲ್ಲೇ ಇದ್ದೇನೆ. "ನಿಮ್ಮ ಬಗ್ಗೆ ಅವ್ರು ಒಂದೇ ಮಾತು ಹೇಳಿದ್ದು, ಕೆಲಸ ಚೆನ್ನಾಗಿ ಬರುತ್ತೆ ಅಂತ," ಎಂದರು ಅಲ್ಲಿನವರು. ಬೇರೇನೂ ಹೇಳಿರಲಿಲ್ಲ.

ಆ ದಿನ ತರೀಕೆರೆಯಿಂದ ಅಜ್ಜಂಪುರಕ್ಕೆ ಬಂದವನು ಅಟ್ಟದ ಮೇಲಿನ ಟ್ರಂಕಿನಿಂದ ನನ್ನ ಹಳೆಯ ಫೈಲನ್ನು ಇಳಿಸಿದೆ. ಅಂಕಪಟ್ಟಿಗಳ ನಡುವೆ ಆದಾಯ ಪ್ರಮಾಣ ಪತ್ರ ಇತ್ತು. ಅದಕ್ಕೆ ಪಿನ್ ಮಾಡಿದ್ದ ಅರ್ಜಿ ಸ್ವೀಕೃತಿಯ ಚೀಟಿಯೂ ಇತ್ತು. ಎರಡರ ಮೇಲಿನ ದಿನಾಂಕ ನೋಡಿದೆ. ನಡುವೆ ಮೂರೇ ದಿನ. ಅಪ್ಪನೊಂದಿಗೆ ಆ ಸಾಲಿನಲ್ಲಿ ನಿಂತದ್ದು, ಸೆಕೆ, ಮುಂದಿದ್ದವನ ಬೆವರಿದ ಅಂಗಿ, ಕಿಂಡಿಯಿಂದ ಹೊರಗೆ ಬಂದ ಬೆಚ್ಚನೆಯ ಕಾಗದ, ಅದರಲ್ಲಿ ನನ್ನ ಹೆಸರಿನ ಅಕ್ಷರಗಳು ಸರಿಯಾಗಿವೆಯೇ ಎಂದು ಅಲ್ಲೇ ನಿಂತು ಓದಿದ್ದು, ಎಲ್ಲ ನೆನಪಾಯಿತು. ಕಾಗದ ಕೊಟ್ಟವರ ಮುಖವನ್ನು ನೆನಪಿಸಿಕೊಳ್ಳಲು ಬಹಳ ಹೊತ್ತು ಕುಳಿತೆ. ಆಗಲಿಲ್ಲ. ನಾನು ಕಾಗದವನ್ನಷ್ಟೇ ನೋಡಿದ್ದೆ.